ಶೇಕಡಾ ಎಂಬತ್ತೊಂದು ಕಳವು

ಜಮಖಂಡಿ
20 ಫೆಬ್ರುವರಿ 2017

ಸ್ವಂತಿಕೆ ಪರಿಶೀಲನಾ ಯೋಜನೆಯ ಸಂಯೋಜಕಿ ಮನೀಷಾ ಅವರಿಗೆ, ಮೈಸೂರು.

ಮಾನ್ಯರೆ,

ಹೀಗೆ ಶುರು ಮಾಡಿದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಬರಲಿ ಎಂದೇ ಬರೆದೆ. ಅಣೆಕಟ್ಟಿನ ಮುಳುಗಡೆ ಹೋರಾಟದ ದಿನಗಳಲ್ಲಿ ಒಂದೇ ಚಾಪೆಯ ಮೇಲೆ ಕೂತು ಕರಪತ್ರ ಬರೆದ ಸಾವಳಗಿಯ ಹುಡುಗಿಗೆ ಈಗ ನಾನು ‘ಮಾನ್ಯರೆ’ ಅನ್ನಬೇಕಾಗಿದೆ. ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು ‘ನೋಡತೇನಿ ಧರ್ಮಣ್ಣ’ ಅಂದು ಇಟ್ಟುಬಿಡುತ್ತೀ. ಏನಿದ್ದರೂ ಕಾಗದದ ಮೇಲೆ ಬರೆಸಿಕೊಳ್ಳಿರಿ ಎಂದು ಊರೂರು ತಿರುಗಿ ಜನಕ್ಕೆ ಹೇಳಿದವರು ನಾವಿಬ್ಬರೇ. ಅದಕ್ಕೇ ಕಾಗದ.

ವಿಷಯ ಇದು. ನೀವು ಮೈಸೂರಿನಲ್ಲಿ ಕೂತು ಕಟ್ಟಿದ ಆ ತಂತ್ರಾಂಶ ಈ ವರ್ಷ ನಮ್ಮ ಕಾಲೇಜಿಗೂ ಬಂತು. ಹುಡುಗರು ಬರೆದ ಪ್ರಬಂಧ ಸ್ವಂತದ್ದೋ ಕದ್ದದ್ದೋ ಎಂದು ಅಧ್ಯಾಪಕರು ಗುಂಡಿ ಒತ್ತಿ ತಿಳಿಯಬಹುದಂತೆ. ಒತ್ತಿದೆವು. ಕನ್ನಡ ವಿಭಾಗದ ಕೊನೆಯ ವರ್ಷದವರು ‘ನಾನು ಕಂಡ ಊರು’ ಎಂಬ ವಿಷಯದ ಮೇಲೆ ಬರೆದಿದ್ದರು. ಅದರಲ್ಲಿ ರೇಷ್ಮಾ ಎಂಬ ಹುಡುಗಿಯ ಪ್ರಬಂಧಕ್ಕೆ ಯಂತ್ರ ಕೆಂಪು ಬಳಿದು ಕೊಟ್ಟಿದೆ. ಶೇಕಡಾ ಎಂಬತ್ತೊಂದು ನಕಲು. ಮೂವತ್ತು ದಾಟಿದರೆ ಶಿಸ್ತು ಸಮಿತಿಗೆ ಹೆಸರು ಹೋಗಬೇಕು, ವಿಚಾರಣೆ ಮುಗಿಯುವ ತನಕ ಪ್ರವೇಶಪತ್ರ ಕೊಡಬಾರದು ಎಂಬುದು ನಿಮ್ಮದೇ ನಿಯಮ. ಮೇ ತಿಂಗಳಲ್ಲಿ ಅವಳ ಕೊನೆಯ ಸೆಮಿಸ್ಟರಿನ ಪರೀಕ್ಷೆ. ಕೂರಲಾಗದಿದ್ದರೆ ಪದವಿ ಹೋಯಿತು.

ಈ ರೇಷ್ಮಾ ಬೀಳಗಿ ಕಡೆಯ ಪುನರ್ವಸತಿ ಕೇಂದ್ರದಿಂದ ದಿನಾ ಎರಡು ಬಸ್ಸು ಬದಲಿಸಿ ಬರುವವಳು. ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಆ ಮನೆಯಲ್ಲಿ ಹತ್ತನೇ ಇಯತ್ತೆ ದಾಟಿದ ಮೊದಲ ಜೀವ. ತರಗತಿಯಲ್ಲಿ ಬಾಯಿ ಬಿಡುವವಳಲ್ಲ, ಬಿಟ್ಟರೆ ಮುಚ್ಚುವವಳೂ ಅಲ್ಲ. ‘ಕಾಪಿ ಮಾಡೀಯೇನು?’ ಎಂದು ಪ್ರಾಂಶುಪಾಲರು ಕೇಳಿದ್ದಕ್ಕೆ, ‘ಬರದೇನ್ರಿ ಸರ್, ಕಾಪಿ ಮಾಡಿಲ್ರಿ’ ಅಂದಳು. ಅದನ್ನು ಉದ್ಧಟತನ ಎಂದು ಬರೆದುಕೊಂಡಿದ್ದಾರೆ.

ವರದಿಯನ್ನು ನೀನೇ ತೆರೆದು ನೋಡು. ಸಾಲು ಸಾಲಾಗಿ ಓದು. ಓದಿದ ಮೇಲೆ ಏನು ಅನ್ನಿಸಿತು ಎಂದು ಬರೆ. ಅದಕ್ಕಿಂತ ಹೆಚ್ಚು ಈಗ ಹೇಳುವುದಿಲ್ಲ.

ಧರ್ಮರಾಜ


ಮೈಸೂರು
2 ಮಾರ್ಚ್ 2017

ಪ್ರಿಯ ಧರ್ಮಣ್ಣ,

‘ಮಾನ್ಯರೆ’ ಎಂಬುದನ್ನು ನುಂಗಿಕೊಂಡೆ. ನಿನ್ನ ಸಿಟ್ಟು ನನಗೆ ಹೊಸದಲ್ಲ.

ಆದರೆ ನನ್ನದೂ ಒಂದಿಷ್ಟು ಕೇಳು. ಈ ಕೆಲಸಕ್ಕೆ ನಾನು ಯಾಕೆ ಬಂದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಇಲ್ಲಿ ಅಂಗಡಿಗಳಲ್ಲಿ ಪಿಎಚ್‌ಡಿ ಪ್ರಬಂಧಗಳು ಸಿಗುತ್ತವೆ. ಶೀರ್ಷಿಕೆ ಹೇಳಿ ಹೋದರೆ ಹದಿನೈದು ದಿನಕ್ಕೆ ಬೈಂಡು ಹಾಕಿ ಕೊಡುತ್ತಾರೆ. ಅದನ್ನು ತೋರಿಸಿ ಪ್ರಾಧ್ಯಾಪಕರಾದವರು ನನ್ನ ಎದುರೇ ಕೂತು ಚಹಾ ಕುಡಿಯುತ್ತಾರೆ. ಕಷ್ಟಪಟ್ಟು ಓದಿ ಬರೆದ ಬಡ ಹುಡುಗಿಗೂ ದುಡ್ಡು ಕೊಟ್ಟು ಬರೆಸಿದವನಿಗೂ ಒಂದೇ ಅಂಕ. ಇದನ್ನು ತಡೆಯುವ ಒಂದು ಜರಡಿ ಬೇಕೆಂದು ಐದು ವರ್ಷ ಒದ್ದಾಡಿದ್ದೇನೆ. ಕನ್ನಡಕ್ಕೆ ಇಂಥದ್ದು ಯಾಕೆ ಎಂದು ನಕ್ಕವರ ಎದುರು ಜಗಳ ಆಡಿದ್ದೇನೆ. ಯಂತ್ರಕ್ಕೆ ಜಾತಿ ಗೊತ್ತಿಲ್ಲ, ಯಾರ ಮಗ ಯಾರ ಮಗಳು ಎಂಬುದು ಗೊತ್ತಿಲ್ಲ. ನಾವು ಆಗ ಬೀದಿಯಲ್ಲಿ ನಿಂತು ಕೇಳಿದ್ದು ಇದನ್ನೇ ಅಲ್ಲವೆ?

ವರದಿ ನೋಡಿದೆ. ಬೇಜಾರು ಮಾಡಿಕೊಳ್ಳಬೇಡ, ಆ ವಾಕ್ಯಗಳು ಇಪ್ಪತ್ತರ ಹುಡುಗಿಯವಲ್ಲ. ತೂಕವಿದೆ, ಪಳಗಿದ ಕೈಯಿದೆ. ಎಲ್ಲಿಂದಲೋ ಎತ್ತಿದ್ದು ಎಂದು ಯಂತ್ರವಿಲ್ಲದೆಯೂ ಹೇಳಬಹುದು. ಅದೇ ಕೇಂದ್ರದ ಇನ್ನೂ ಮೂವರ ಪ್ರಬಂಧಗಳಲ್ಲಿ ಅವೇ ಸಾಲುಗಳಿವೆ. ಆ ಮೂವರೂ ತಪ್ಪೊಪ್ಪಿಗೆ ಬರೆದು ಸಹಿ ಮಾಡಿದ್ದಾರೆ, ಅವರಿಗೆ ಪ್ರವೇಶಪತ್ರ ಸಿಗುತ್ತದೆ. ರೇಷ್ಮಾಳಿಗೂ ಸಹಿ ಮಾಡಲು ಹೇಳು. ಎರಡು ಸಾಲಿನ ಕಾಗದ. ‘ಆಕರ ನಮೂದಿಸದೆ ಬಳಸಿದ್ದೇನೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ’ ಎಂದರೆ ಮುಗಿಯಿತು. ಪ್ರಬಂಧವನ್ನು ಮತ್ತೊಮ್ಮೆ ಬರೆದುಕೊಡಲಿ.

ಹಟದಿಂದ ವರ್ಷ ಹಾಳು ಮಾಡಿಕೊಳ್ಳಬಾರದು. ನೀನು ಆ ಹಟಕ್ಕೆ ಗಾಳಿ ಹಾಕಲೂ ಬಾರದು.

ನಿನ್ನ
ಮನೀಷಾ


ಜಮಖಂಡಿ
9 ಮಾರ್ಚ್ 2017

ಮನೀಷಾ,

ಪಳಗಿದ ಕೈ ಎಂದೆ ನೀನು. ಹೌದು, ಪಳಗಿದ ಕೈ. ಹೇಗೆ ಪಳಗಿತು ಹೇಳಲೆ?

ಆ ಕೇಂದ್ರದ ಜನ ಹಳೆಯ ಊರು ಬಿಟ್ಟು ಬಂದ ವರ್ಷದಿಂದ ಒಂದೇ ಅರ್ಜಿ ಹಿಡಿದು ತಿರುಗುತ್ತಿದ್ದಾರೆ. ಮನೆ ಕಟ್ಟಿಕೊಳ್ಳಲು ಸೈಟು ಸಿಕ್ಕಿತು, ಕುರಿ ನಿಲ್ಲಿಸಲು ನೆಲ ಸಿಗಲಿಲ್ಲ. ಹಳೆಯ ಊರಲ್ಲಿ ಹೊಳೆದಂಡೆಯ ಹುಲ್ಲುಗಾವಲು ಎಲ್ಲರದಾಗಿತ್ತು, ಎಲ್ಲರದಾದದ್ದಕ್ಕೆ ಪರಿಹಾರ ಯಾರಿಗೂ ಇಲ್ಲವಂತೆ. ಆ ನೆಲ ಕೇಳುವ ಅರ್ಜಿ. ಮೊದಮೊದಲು ಝೆರಾಕ್ಸ್ ಮಾಡಿಸಿ ಕೊಟ್ಟರು. ಮುಳುಗಡೆ ಕಚೇರಿಯ ಒಬ್ಬ ಮಹಾಶಯ, ಝೆರಾಕ್ಸ್ ನಡೆಯುವುದಿಲ್ಲ, ಮನೆಗೊಂದರಂತೆ ಖುದ್ದು ಕೈಯಿಂದ ಬರೆದು ಕೊಡಬೇಕು, ಪ್ರತಿ ವರ್ಷ ಹೊಸದಾಗಿ ಕೊಡಬೇಕು ಎಂದು ಕಾಯ್ದೆ ಮಾಡಿದ. ದೊಡ್ಡವರಿಗೆ ಬರೆಯಲು ಬರುವುದಿಲ್ಲ. ಸಾಲಿಗೆ ಹೋಗುವ ಮಕ್ಕಳು ಬರೆಯಬೇಕಾಯಿತು. ಉಗಾದಿ ಮುಂಚೆ ಒಂದು ದಿನ ಬೀರಪ್ಪನ ಕಟ್ಟೆಯ ಮೇಲೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸುತ್ತಾರೆ. ಒಬ್ಬ ಹಳೆಯ ಅರ್ಜಿ ಗಟ್ಟಿಯಾಗಿ ಓದುತ್ತಾನೆ, ಉಳಿದವರು ಬರೆಯುತ್ತಾರೆ. ರೇಷ್ಮಾ ಮೂರನೇ ಇಯತ್ತೆಯಿಂದ ಬರೆದವಳು. ಅವರ ಮನೆಯದು, ಓದುವ ಮಕ್ಕಳಿಲ್ಲದ ನೆರೆಮನೆಯದು, ಎಲ್ಲ ಅವಳೇ. ಬೇರೆ ಮಕ್ಕಳು ಮಗ್ಗಿ ಬರೆದು ಅಕ್ಷರ ತಿದ್ದಿದರೆ ಇವಳು ಅರ್ಜಿ ಬರೆದು ತಿದ್ದಿದಳು.

ನಿನ್ನ ಈ ಧರ್ಮಣ್ಣನೇ ಹೋಗಿ ಆ ಹುಡುಗಿಗೆ ‘ನೀ ಕಂಡ ಊರಿನ ಬಗ್ಗೆ ಬರಿ’ ಎಂದ. ಅವಳಿಗೆ ನೆನಪು ಮೂಡುವ ಮೊದಲೇ ಊರಿನ ಒಳಗೆ ನೀರು ಬಂದಿತ್ತು. ಅವಳು ಕಂಡ ಊರೆಂದರೆ ಆ ಅರ್ಜಿಯೊಳಗಿನದ್ದು. ಅದನ್ನೇ ಬರೆದಳು. ಕದ್ದಿದ್ದೇನೆ ಎಂಬುದು ಅವಳ ಮನಸ್ಸಿನಲ್ಲಿ ಹಾಯಲೂ ಇಲ್ಲ.

ನಿನ್ನ ಮಾತು ಕೇಳಿ ಸಹಿಯ ವಿಷಯ ಅವಳ ಮುಂದೆ ಇಟ್ಟೆ. ಒಳ್ಳೆಯದಕ್ಕೇ ಇಟ್ಟೆ. ಅವಳು ಹೇಳಿದ್ದನ್ನು ಇದ್ದಂತೆ ಬರೆಯುತ್ತೇನೆ:

‘ಸರ್, ಈ ಮಾತು ನಮ್ಮವಲ್ಲ ಅಂತ ನಾ ಸಹಿ ಮಾಡಿದ್ರ, ನಾಳೆ ಮುಳುಗಡಿ ಆಫೀಸಿನ್ಯಾಗ ಏನಂತಾರ್ರಿ? ಅರ್ಜಿನೂ ನಿಮದಲ್ಲ, ಯಾರದೋ ಬರದು ತಂದೀರಿ ಅನ್ನೂದಿಲ್ಲೇನ್ರಿ? ಅವರಿಗೆ ಅಷ್ಟ ಬೇಕಾಗಿರತೈತಿ.’

‘ಅವರಿಗೆ ಇದೆಲ್ಲ ಎಲ್ಲಿ ಗೊತ್ತಾಗತೈತಿ ರೇಷ್ಮಾ’ ಎಂದೆ.

‘ನಿಮ್ಮ ಮಶೀನಿಗೆ ಗೊತ್ತಾತಲ್ರಿ’ ಅಂದಳು.

ಇನ್ನು ನಿನ್ನ ಜಾತಿಯಿಲ್ಲದ ಯಂತ್ರದ ವಿಚಾರ. ನಮ್ಮ ಆಡಳಿತ ಮಂಡಳಿ ಅಧ್ಯಕ್ಷರ ತಮ್ಮನ ಮಗ ಇದೇ ತರಗತಿಯಲ್ಲಿದ್ದಾನೆ. ಮುಧೋಳದ ಬಗ್ಗೆ ಬರೆದಿದ್ದಾನೆ, ಅಲ್ಲಿಯ ನಾಯಿ, ಅಲ್ಲಿಯ ಅರಮನೆ ಎಲ್ಲ. ಅಂತರ್ಜಾಲದ ಒಂದು ಪುಟವನ್ನು ಪೂರ್ತಿ ಎತ್ತಿ ಇಟ್ಟದ್ದು. ನಾನು ಆ ಪುಟ ತೆರೆದು ಪಕ್ಕಕ್ಕಿಟ್ಟು ನೋಡಿದೆ, ಅಲ್ಪವಿರಾಮ ಕೂಡ ಬದಲಾಗಿಲ್ಲ. ಯಂತ್ರ ಅವನಿಗೆ ಎಷ್ಟು ಕೊಟ್ಟಿದೆ ಗೊತ್ತೆ? ಶೇಕಡಾ ಎರಡು. ‘ಉನ್ನತ ಸ್ವಂತಿಕೆ’ ಎಂಬ ಹಸಿರು ಮುದ್ರೆ ಬೇರೆ.

ತಲೆ ಕೆಟ್ಟು ಬಸ್‌ಸ್ಟ್ಯಾಂಡಿನ ಎದುರಿನ ಟೈಪಿಂಗ್ ಅಂಗಡಿಗೆ ಹೋದೆ. ಅಲ್ಲಿಯವ ನಕ್ಕ. ‘ಸರ್, ಅಂವಂದು ನಾವ ಮಾಡಿಕೊಟ್ಟೀವ್ರಿ. ನೆಟ್‌ನಾಗಿಂದು ತಗದು ನುಡಿ ಫಾಂಟಿಗೆ ಹೊಳ್ಳಿಸಿ ಕೊಟ್ರ ಆತು. ನುಡಿ ಅಕ್ಷರ ಆ ಮಶೀನಿಗೆ ಓದಾಕ ಬರೂದಿಲ್ರಿ. ಓದಾಕ ಬರದ್ದೆಲ್ಲಾ ಅದಕ್ಕ ಹೊಸಾದ.’

ಪರೀಕ್ಷೆ ಮಾಡಿದೆ. ನಿನ್ನದೇ ಯೋಜನೆಯ ಕೈಪಿಡಿಗೆ ನೀನು ಬರೆದ ಮುನ್ನುಡಿಯನ್ನು ನುಡಿ ಅಕ್ಷರಕ್ಕೆ ತಿರುಗಿಸಿ, ಮೇಲೆ ನನ್ನ ಹೆಸರು ಹಾಕಿ, ನಿನ್ನ ಯಂತ್ರಕ್ಕೆ ತಿನ್ನಿಸಿದೆ. ಅಭಿನಂದನೆ. ಆ ಮುನ್ನುಡಿ ಸಂಪೂರ್ಣವಾಗಿ ಧರ್ಮರಾಜನ ಸ್ವಂತ ಕೃತಿ.

ರೇಷ್ಮಾಳಿಗೆ ಟೈಪಿಂಗ್ ಅಂಗಡಿಗೆ ಕೊಡಲು ರೊಕ್ಕ ಇರಲಿಲ್ಲ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದಳು. ಮೊಬೈಲಿನ ಅಕ್ಷರ ನಿನ್ನ ಯಂತ್ರಕ್ಕೆ ಚೆನ್ನಾಗಿ ಓದಲು ಬರುತ್ತದೆ. ಹಾಗಾಗಿ ಸಿಕ್ಕಿಬಿದ್ದಳು. ಹೇಳು, ಯಂತ್ರಕ್ಕೆ ಯಾರ ಮಗ ಯಾರ ಮಗಳು ಗೊತ್ತಾಗುವುದಿಲ್ಲವೆ?

ವರದಿಯ ಕೊನೆಯ ಪುಟದಲ್ಲಿ ‘ಮೂಲ’ ಎಂದು ಒಂದು ಜಾಗವಿದೆ. ಅದನ್ನು ನೀನು ನೋಡಿಲ್ಲ ಎಂದುಕೊಂಡಿದ್ದೇನೆ. ನೋಡಿದ್ದರೆ ಆ ಕಾಗದ ಹಾಗೆ ಬರೆಯುತ್ತಿರಲಿಲ್ಲ.

ಧರ್ಮರಾಜ


ಮೈಸೂರು
18 ಮಾರ್ಚ್ 2017

ಧರ್ಮಣ್ಣ,

ನೋಡಿದ್ದೆ.

ಮೊದಲ ಸಲವೇ ನೋಡಿದ್ದೆ. ಹೋರಾಟದ ನೆನಪಿನ ಸಂಚಿಕೆಯನ್ನು ಯಾರೋ ಅಂತರ್ಜಾಲಕ್ಕೆ ಏರಿಸಿದ್ದಾರೆ. ಅದರಲ್ಲಿ ಆ ಅರ್ಜಿಯಿದೆ, ಕೆಳಗೆ ‘ಕರಡು: ಮನೀಷಾ’ ಎಂದಿದೆ. ಸಂಯೋಜಕಿಯ ಹೆಸರೇ ಮೂಲದಲ್ಲಿದ್ದರೆ, ನಾನು ಆ ಹುಡುಗಿಯ ಪರ ಒಂದು ಮಾತಾಡಿದರೂ ಪಕ್ಷಪಾತ ಎನ್ನುತ್ತಾರೆ, ವಿರೋಧವಾಗಿ ಆಡಿದರೂ ಹಗೆ ಎನ್ನುತ್ತಾರೆ. ನಾನಿಲ್ಲಿ ಗುತ್ತಿಗೆಯ ಮೇಲಿರುವವಳು. ಸುಮ್ಮನಿರುವುದೇ ನ್ಯಾಯ ಎಂದುಕೊಂಡೆ. ಪಳಗಿದ ಕೈ ಎಂದು ಬರೆಯುವಾಗ ಒಳಗೊಳಗೆ ಸಂತೋಷವೂ ಆಯಿತು ಎಂದರೆ ನೀನು ಬೈಯುತ್ತೀ. ಬೈ.

ನುಡಿ ಅಕ್ಷರದ ದೋಷವೂ ಗೊತ್ತಿತ್ತು. ಹೋದ ಮಳೆಗಾಲದಲ್ಲೇ ಬರೆದು ಕೊಟ್ಟಿದ್ದೆ. ಉದ್ಘಾಟನೆಯ ತಾರೀಖು ನಿಗದಿಯಾಗಿದೆ, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದರು. ಮುಂದಿನ ಆವೃತ್ತಿ ಬಂದಿಲ್ಲ.

ಈಗ ದಾರಿ ಯೋಚಿಸಿದ್ದೇನೆ. ಸಮಿತಿಗೆ ನಾನೇ ಬರೆಯುತ್ತೇನೆ. ಆ ಅರ್ಜಿಯ ಲೇಖಕಿ ನಾನು, ನನ್ನ ವಾಕ್ಯಗಳನ್ನು ಬಳಸಲು ಈ ವಿದ್ಯಾರ್ಥಿನಿಗೆ ನನ್ನ ಅನುಮತಿಯಿದೆ, ಆಕ್ಷೇಪಣೆ ಇಲ್ಲ ಎಂದು. ಲೇಖಕಿಯೇ ಅನುಮತಿ ಕೊಟ್ಟ ಮೇಲೆ ಕಳವಿನ ಮಾತೇ ಬರುವುದಿಲ್ಲ. ಪ್ರಬಂಧದ ಕೆಳಗೆ ರೇಷ್ಮಾ ನನ್ನ ಹೆಸರಿನ ಒಂದು ಅಡಿಟಿಪ್ಪಣಿ ಹಾಕಿದರೆ ಸಾಕು. ಗುತ್ತಿಗೆಗೆ ಏನಾದರೂ ಆಗಲಿ.

ಇಷ್ಟಾದರೂ ಮಾಡುತ್ತೇನೆ.

ಮನೀಷಾ


ಜಮಖಂಡಿ
24 ಮಾರ್ಚ್ 2017

ಮನೀಷಾ,

ಅನುಮತಿ ಎಂಬ ಶಬ್ದವನ್ನು ಓದಿ ಕಾಗದ ಕೆಳಗಿಟ್ಟು ಹೊರಗೆ ಹೋಗಿ ನಿಂತೆ.

ಯಾರ ಮಾತಿಗೆ ಯಾರು ಅನುಮತಿ ಕೊಡುವುದು? ತೊಂಬತ್ತೆಂಟರಲ್ಲಿ ಹಳೆಯ ಊರಿನ ಕುರಿದಡ್ಡಿಯಲ್ಲಿ ನಿಂತದ್ದು ಮರೆತೆಯೇನು? ಅಳತೆಯವರು ಟೇಪು ಹಿಡಿದು ಮನೆಮನೆ ಅಳೆದು ಹೋದ ಮರುದಿನ. ರೇಷ್ಮಾಳ ಅಜ್ಜಿ ಸತ್ಯವ್ವ ಕುರಿ ಬಿಡುತ್ತ, ನಮ್ಮ ಕಡೆ ನೋಡದೆ ಅಂದಿದ್ದಳು: ‘ಗ್ವಾಡಿ ಅಳದ್ರು. ಗ್ವಾಡಿ ಆಚಿ ನಿಂತಿದ್ದ ಕುರಿ ಯಾರ ಅಳೀಬೇಕು? ಅವಕ್ಕೂ ಒಂದ ಊರಿತ್ತು.’ ನೀನು ಬರೆದುಕೊಂಡೆ. ಅವತ್ತು ರಾತ್ರಿ ಅದನ್ನು ‘ನಮ್ಮ ಮನೆಯ ಗೋಡೆಗಳನ್ನು ಅಳೆದಿರಿ, ಗೋಡೆಯಾಚೆ ನಿಂತ ಕುರಿಗಳನ್ನು ಅಳೆಯಲಿಲ್ಲ, ಅವುಗಳಿಗೂ ಒಂದು ಊರಿತ್ತು’ ಎಂದು ಮಾಡಿದೆ. ನಾನು ಕಾಗುಣಿತ ತಿದ್ದಿದೆ. ಇಷ್ಟು ನಮ್ಮ ಸಾಧನೆ. ಗ್ವಾಡಿಯನ್ನು ಗೋಡೆ ಮಾಡಿದ್ದಕ್ಕೆ ನೀನು ಲೇಖಕಿ, ಹೇಳಿದವಳ ಮೊಮ್ಮಗಳು ಕಳ್ಳಿ. ಈಗ ಆ ಮೊಮ್ಮಗಳು ಕೆಳಗೆ ನಿನ್ನ ಹೆಸರು ಬರೆದು ಕೃತಜ್ಞತೆ ಸಲ್ಲಿಸಬೇಕು. ಊರು ಮುಳುಗಿಸಿದವರೂ ಇಷ್ಟು ಚಂದಾಗಿ ಮಾತಾಡಲಿಲ್ಲ ಮನೀಷಾ.

ಇರಲಿ. ಬೈದು ಮುಗಿಯಿತು. ಇದಕ್ಕಿಂತ ದೊಡ್ಡದೊಂದು ಆಗಿದೆ.

ವಿಚಾರಣೆಯ ನೋಟೀಸು ಅವರ ಮನೆಗೆ ಹೋಯಿತು. ಏಪ್ರಿಲ್ ಹತ್ತಕ್ಕೆ ಪಾಲಕರೊಂದಿಗೆ ಹಾಜರಾಗಬೇಕು. ‘ತಾವು ಸಲ್ಲಿಸಿರುವ ಬರಹದ ಈ ಕೆಳಗಿನ ಸಾಲುಗಳ ಕುರಿತು ಸಮಿತಿಯು ವಿಚಾರಣೆ ನಡೆಸಲಿದೆ’ ಎಂದಿದೆ, ಕೆಳಗೆ ಗೋಡೆ, ಕುರಿ, ಊರಿನ ಸಾಲುಗಳಿವೆ. ರೇಷ್ಮಾಳ ಅಪ್ಪ ಅಮಸಿದ್ದಪ್ಪ ಅದನ್ನು ಮಗಳಿಂದ ಓದಿಸಿದ. ಓದಿ ಕೇಳಿದ ಮೇಲೆ ಅವನಿಗೆ ಏನು ಅರ್ಥವಾಗಬೇಕು? ಇಷ್ಟು ವರ್ಷ ಅರ್ಜಿ ಕೊಟ್ಟದ್ದಕ್ಕೆ ಸರಕಾರ ಕಡೆಗೂ ವಿಚಾರಣೆಗೆ ಕರೆದಿದೆ ಎಂದು ಅರ್ಥವಾಯಿತು. ಕೇಂದ್ರದ ತುಂಬ ಸುದ್ದಿ.

ನೋಟೀಸು ಕಂಡು ಅವಳು ಸಹಿಯ ವಿಷಯದಲ್ಲಿ ಮನಸ್ಸು ಬದಲಿಸಿದಳೇನೋ ನೋಡೋಣವೆಂದು ನಾನು ಭಾನುವಾರ ಹೋದೆ. ಅಮಸಿದ್ದಪ್ಪ ದೂರದಿಂದಲೇ ಕರೆದ.

‘ಬರ್ರಿ ಮಾಸ್ತರ, ಬರ್ರಿ. ನಿಮಗೂ ಗೊತ್ತಾತೇನ್ರಿ? ಕಡೀಕೂ ಕರದ್ರು ನೋಡ್ರಿ.’

ಕಟ್ಟೆಯ ಮೇಲೆ ಕೂತಿದ್ದ ಗಿರಿಮಲ್ಲಪ್ಪ ಎಂಬ ಮುದುಕ, ‘ಕಾಲೇಜಿನ್ಯಾಗ ಯಾಕ ಇಟ್ಟಾರ?’ ಎಂದು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಇನ್ನೊಬ್ಬ ಉತ್ತರ ಕೊಟ್ಟ. ‘ಓಟ ಹಾಕೂದು ಸಾಲ್ಯಾಗ, ಕೂಸಿಗೆ ಸೂಜಿ ಹಾಕಸೂದು ಸಾಲ್ಯಾಗ. ಇದು ದೊಡ್ಡದಲ್ಲೇನು, ಕಾಲೇಜಿನ್ಯಾಗ ಇಟ್ಟಾರ. ಅಷ್ಟೂ ತಿಳಿಯಂಗಿಲ್ಲಲೇ ನಿನಗ.’

ಎಲ್ಲರೂ ನಕ್ಕರು. ಚಹಾ ಕೊಟ್ಟರು, ಕುಡಿದೆ. ರೇಷ್ಮಾ ನಳದ ಹತ್ತಿರ ಸಿಕ್ಕಳು.

‘ಅವರಿಗೆ ಖರೆ ಹೇಳಬೇಕಲ್ಲ ರೇಷ್ಮಾ’ ಎಂದೆ.

‘ನಾ ಸುಳ್ಳ ಹೇಳಿಲ್ರಿ ಸರ್. ಇದ್ದದ್ದ ಓದೇನಿ. ಅವರ ಹಂಗ ತಿಳಕೊಂಡ್ರು.’

‘ಹತ್ತನೇ ತಾರೀಖಿಗೆ ಗೊತ್ತಾಗತೈತಿ.’

‘ಹೌದ್ರಿ.’ ತುಂಬಿದ ಕೊಡ ಸರಿಸಿ ಇನ್ನೊಂದನ್ನು ನಳದ ಕೆಳಗಿಟ್ಟಳು. ‘ನಮ್ಮಪ್ಪ ಹೊಸಾ ಅಂಗಿ ಹೊಲಿಯಾಕ ಹಾಕ್ಯಾನ್ರಿ.’

ಇದು ನಿನ್ನ ಎಂಬತ್ತೊಂದು ಪ್ರತಿಶತದ ಕೆಲಸ. ಅನುಮತಿ ಪತ್ರ ಕಳಿಸುವುದಾದರೆ ಕಳಿಸಬೇಡ. ಬೇರೆ ಏನಾದರೂ ಬರೆಯಲು ಸಾಧ್ಯವಾದರೆ ಬರೆ.

ಧರ್ಮರಾಜ


ಮೈಸೂರು
5 ಏಪ್ರಿಲ್ 2017

ಧರ್ಮಣ್ಣ,

ಸಮಿತಿಗೆ ಬರೆದದ್ದು ಇಷ್ಟೇ: ‘ಈ ವಾಕ್ಯಗಳು ನನ್ನವಲ್ಲ. ವಿದ್ಯಾರ್ಥಿನಿಯ ಅಜ್ಜಿ ಸತ್ಯವ್ವ ಅವರು ನನ್ನೆದುರು ಆಡಿದವು. ಮುದ್ರಿತ ಸಂಚಿಕೆಯಲ್ಲಿ ನನ್ನ ಹೆಸರು ಇರುವುದು ತಪ್ಪು. ನಕಲಿನ ಆರೋಪ ಹೊರಿಸಲೇಬೇಕೆಂದಿದ್ದರೆ ನನ್ನ ಮೇಲೆ ಹೊರಿಸಿ.’ ನೋಂದಾಯಿತ ಅಂಚೆಯಲ್ಲಿ ಹೋಗಿದೆ.

ಕುರಿದಡ್ಡಿಯನ್ನು ಮರೆತಿಲ್ಲ. ಆಕೆ ನಿಂತು ಮಾತಾಡಿದವಳಲ್ಲ, ನಾನು ಹಿಂದೆ ಹಿಂದೆ ಓಡುತ್ತ ಬರೆದುಕೊಂಡೆ. ಎಷ್ಟೋ ಸಭೆಗಳಲ್ಲಿ ಆ ವಾಕ್ಯ ಹೇಳಿ ಚಪ್ಪಾಳೆ ತೆಗೆದುಕೊಂಡೆ. ಕ್ರಮೇಣ ಅದು ನನ್ನದೇ ಆಯಿತು. ಹೇಗಾಯಿತೆಂದು ನನಗೆ ತಿಳಿಯಲಿಲ್ಲ, ಅದೇ ನಾಚಿಕೆ.

ಯೋಜನೆಯ ಮುಖ್ಯಸ್ಥರ ಬಳಿ ಹೋಗಿ, ಕನ್ನಡ ಭಾಗವನ್ನು ಸರಿಪಡಿಸುವವರೆಗೆ ನಿಲ್ಲಿಸಿ ಎಂದೆ. ಕನ್ನಡ ನಿಲ್ಲಿಸಿದರೆ ಎಲ್ಲ ಭಾಷೆಗೂ ಸಲ್ಲುವ ತಂತ್ರಾಂಶ ಎಂದು ಹೇಗೆ ಹೇಳಿಕೊಳ್ಳುವುದು ಎಂದರು. ಇನ್ನೊಂದು ಸಂಗತಿ ನನಗೂ ಈಗಲೇ ತಿಳಿದದ್ದು. ಒಳಗೆ ಹಾಕಿದ ಪ್ರತಿ ಪ್ರಬಂಧವನ್ನೂ ಯಂತ್ರ ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಇನ್ನು ಮುಂದೆ ಆ ಕೇಂದ್ರದ ಯಾವ ಹುಡುಗ ತನ್ನ ಊರಿನ ಬಗ್ಗೆ ಬರೆದರೂ ರೇಷ್ಮಾಳಿಂದ ಕದ್ದದ್ದು ಎಂದು ತೋರಿಸುತ್ತದೆ. ಅದೊಂದನ್ನು ಅಳಿಸಿಕೊಡಿ ಎಂದು ಕೇಳಿದೆ. ಅಧಿಕಾರ ನನಗಿಲ್ಲವಂತೆ. ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದು ನಿನ್ನೆ ತಿಳಿಸಿದರು.

ಹತ್ತನೇ ತಾರೀಖು ಬರಲೇ ಎಂದು ಕೇಳುವ ಧೈರ್ಯ ಇಲ್ಲ. ಆ ಜನಕ್ಕೆ ಯಾರು ಹೇಳುತ್ತಾರೆ?

ಮನೀಷಾ


ಜಮಖಂಡಿ
12 ಏಪ್ರಿಲ್ 2017

ತಂಗಿ ಮನೀಷಾ,

ಯಾರು ಹೇಳುತ್ತಾರೆ ಎಂದು ನೀನು ಕೇಳಿದ್ದೆ. ರೇಷ್ಮಾಳೇ ಹೇಳಿದಳು.

ಎರಡು ಟ್ರ್ಯಾಕ್ಟರಿನ ತುಂಬ ಜನ ಬಂದರು. ಹೆಗಲ ಮೇಲೆ ಕಂಬಳಿ, ಹಣೆಗೆ ಭಂಡಾರದ ಅರಿಸಿನ. ಅಮಸಿದ್ದಪ್ಪ ಹೊಸ ಅಂಗಿಯಲ್ಲಿ. ನಮ್ಮ ಸಿಪಾಯಿ ಮೋರ್ಚಾ ಬಂತೆಂದು ಗೇಟು ಹಾಕಿದ. ‘ಕರದಾರಂತ ಬಂದೀವಿ, ತೆಗೀಲೇ’ ಎಂದು ಗಿರಿಮಲ್ಲಪ್ಪ ನೋಟೀಸು ಎತ್ತಿ ತೋರಿಸಿದ. ಕರೆದವರು ಒಳಗೆ ಕುರ್ಚಿ ಎಣಿಸುತ್ತಿದ್ದರು. ಕಡೆಗೆ ಅಪ್ಪ, ಅಜ್ಜಿ, ಹುಡುಗಿ ಒಳಗೆ, ಉಳಿದವರು ಕಿಟಕಿಯ ಹೊರಗೆ.

ಪ್ರಾಂಶುಪಾಲರು ವರದಿ ಓದಿದರು. ‘ಶೇಕಡಾ ಎಂಬತ್ತೊಂದು’ ಎಂದದ್ದೇ ತಡ, ಅಮಸಿದ್ದಪ್ಪನ ಮುಖ ಅರಳಿತು.

‘ಎಂಬತ್ತೊಂದು ಅಂದ್ರ ಛಲೋ ಆತಲ್ರಿ ಸಾಹೇಬ್ರ. ಪಾಸಾದಂಗ ಆತು.’

ಸಮಿತಿಯವರೊಬ್ಬರು ನಗು ತಡೆಯಲು ಕೆಮ್ಮಿದರು. ರೇಷ್ಮಾ ಎದ್ದು ನಿಂತಳು. ಸಮಿತಿಯ ಕಡೆ ಬೆನ್ನು ಮಾಡಿ ಅಪ್ಪನ ಕಡೆ ತಿರುಗಿದಳು.

‘ಯಪ್ಪಾ, ಇದು ಕುರಿ ಜಾಗದ ವಿಚಾರಣಿ ಅಲ್ಲ. ನಾ ಕಳವು ಮಾಡೇನಿ ಅಂತ ಕರದಾರ. ನನಗ ಪರೀಕ್ಷಾಕ ಕುಂದ್ರಸೂದಿಲ್ಲ ಅಂತಾರ.’

ಅಮಸಿದ್ದಪ್ಪ ಅಂಗಿಯ ಗುಂಡಿ ಹಿಡಿದುಕೊಂಡ. ಸತ್ಯವ್ವ ಕೇಳಿದಳು:

‘ಯಾರದ್ದ ಕಳವು ಮಾಡೀಯವ್ವಾ?’

‘ನಿಂದ, ಆಯಿ.’

‘ನನ್ನ ಹಂತ್ಯಾಕ ಏನೈತಿ ಕದಿಯಾಕ?’

‘ಮಾತ.’

ನಿನ್ನ ಕಾಗದ ಮೇಜಿನ ಮೇಲಿತ್ತು. ನಾನು ಯಾರ ಅಪ್ಪಣೆಯನ್ನೂ ಕೇಳದೆ ಅದನ್ನು ಗಟ್ಟಿಯಾಗಿ ಓದಿದೆ. ನಿನ್ನ ಹೆಸರು ಬಂದಾಗ ಆಕೆ ‘ಹಿಂದಿಂದ ಓಡಿ ಬರ್ತಿತ್ತಲ್ಲ, ಆ ಹುಡುಗಿ’ ಅಂದಳು. ಅಷ್ಟೇ. ಆಮೇಲೆ ಪ್ರಾಂಶುಪಾಲರ ಕಡೆ ತಿರುಗಿದಳು.

‘ಸಾಹೇಬ್ರ, ಕಳುವಾದದ್ದು ನಂದಂತ. ನಾ ಫಿರ್ಯಾದಿ ಕೊಟ್ಟೇನೇನು?’

‘ಇಲ್ಲಬೇ. ಆದ್ರ ಯಂತ್ರ...’

‘ಯಂತ್ರದ್ದೇನಾರ ಕಳುವಾಗೇತೇನು?’

‘ಇಲ್ಲ.’

‘ಮತ್ತ ನಡುವ ನಿಮ್ಮದೇನ್ರೀ?’

ಕಿಟಕಿಯ ಹೊರಗಿನವರು ನಕ್ಕದ್ದು ಕೇಳಿ ಪ್ರಾಂಶುಪಾಲರ ಕಿವಿ ಕೆಂಪಾಯಿತು. ಇದೇ ಸಮಯವೆಂದು ನಾನು ಅಧ್ಯಕ್ಷರ ತಮ್ಮನ ಮಗನ ಪ್ರಬಂಧ, ಅದರ ಮೂಲ, ಅದಕ್ಕೆ ಬಂದ ಹಸಿರು ಮುದ್ರೆ, ಮೂರನ್ನೂ ಮೇಜಿನ ಮೇಲಿಟ್ಟೆ. ಇದರ ವಿಚಾರಣೆ ಯಾವಾಗ ಎಂದು ಕೇಳಿದೆ. ಸಮಿತಿಯವರು ಚಹಾ ತರಿಸಿದರು. ಒಳಗಿನ ಕೋಣೆಗೆ ಹೋಗಿ ಬಂದರು. ‘ಮೂಲ ಹಕ್ಕುದಾರರ ದೂರು ಇಲ್ಲದ ಕಾರಣ ಪ್ರಕರಣ ಕೈಬಿಡಲಾಗಿದೆ’ ಎಂದು ಬರೆದರು. ಅವಳು ಕದ್ದಿಲ್ಲ ಎಂದು ಬರೆಯಲಿಲ್ಲ, ಗಮನಿಸು. ಸಹಿ ಮಾಡಿದ ಆ ಮೂವರ ಹೆಸರು ಇನ್ನೂ ನಕಲು ಮಾಡಿದವರ ಪಟ್ಟಿಯಲ್ಲಿಯೇ ಇದೆ. ಒಪ್ಪಿಕೊಂಡಿದ್ದಾರಲ್ಲ, ಇನ್ನೇನು ಎನ್ನುತ್ತಾರೆ. ಆ ಜಗಳ ನಾನು ಬಿಡುವುದಿಲ್ಲ. ಹಸಿರು ಮುದ್ರೆಯ ಹುಡುಗನ ವಿಷಯ ಯಾರೂ ಎತ್ತಲಿಲ್ಲ.

ಪ್ರವೇಶಪತ್ರ ಮಾತ್ರ ಅವತ್ತೇ ರೇಷ್ಮಾಳ ಕೈಗೆ ಬಂತು.

ಹೊರಗೆ ಬಂದಾಗ ಯಾರೂ ಅವಳನ್ನು ಬೈಯಲಿಲ್ಲ. ಅಮಸಿದ್ದಪ್ಪ ಮೆಟ್ಟಿಲ ಮೇಲೆ ಕೂತು, ‘ಹಂಗಾರ ಯಾರೂ ಕರದಿಲ್ಲ’ ಅಂದ. ಯಾರನ್ನೂ ಕುರಿತು ಅಂದದ್ದಲ್ಲ. ಆ ಮಾತು ಕೇಳಿ ನನಗೆ ಕಾಲೇಜಿಗೇ ಬೆಂಕಿ ಇಡಬೇಕೆನ್ನಿಸಿತು.

ಸತ್ಯವ್ವ ಅವನ ಭುಜ ತಿವಿದಳು. ‘ಏಳ. ಕರೀಲಿಲ್ಲಂದ್ರ ಹೋಗಬಾರದೇನು? ಟ್ರ್ಯಾಕ್ಟರ್ ಐತಿ, ಮಂದಿ ಅದಾರ. ಬಾಗಲಕೋಟಿ ಮುಳುಗಡಿ ಆಫೀಸಿಗೆ ಹೋಗೂಣು ನಡೀರಿ.’

‘ಅರ್ಜಿ ತಂದಿಲ್ಲಬೇ’ ಎಂದ ಗಿರಿಮಲ್ಲಪ್ಪ.

‘ರೇಷ್ಮಾ ಬರೀತಾಳ.’

‘ನಾ ಬರೂದಿಲ್ಲ ಆಯಿ,’ ಅಂದಳು ಹುಡುಗಿ. ‘ನನಗ ಓದೂದೈತಿ. ಈ ಸಲ ಸರ್ ಬರೀತಾರ.’

ಕೇಳಲೂ ಇಲ್ಲ, ಹೇಳಿಬಿಟ್ಟಳು. ಲೈಬ್ರರಿ ಕಡೆ ಹೋಗಿಯೂ ಬಿಟ್ಟಳು. ನಾನು ಟ್ರ್ಯಾಕ್ಟರಿನ ಹಿಂದಿನ ಡಬ್ಬಿ ಹತ್ತಿದೆ.

ತೊಡೆಯ ಮೇಲೆ ಕಾಗದ ಇಟ್ಟು, ಕುಲುಕುವ ಡಬ್ಬಿಯಲ್ಲಿ ಶುರು ಮಾಡಿದೆ. ಸತ್ಯವ್ವ ಪಕ್ಕಕ್ಕೆ ಕೂತಿದ್ದಳು. ಬೀಳಗಿ ಇನ್ನೂ ದೂರ ಇತ್ತು.

‘ಏನ ಬರದಿ? ಓದ.’

‘ನಮ್ಮ ಮನೆಯ ಗೋಡೆಗಳನ್ನು ಅಳೆದಿರಿ...’

‘ಹರದ ಒಗಿ ಅದನ್ನ. ಹಳೇದು. ಕುರಿ ಇಲ್ಲ ಅಂತ ಬರಿ.’

‘ಇಲ್ಲ ಅಂದ್ರ?’

‘ಇಲ್ಲ ಅಂದ್ರ ಇಲ್ಲ. ಮಾರಿ ಐದಾರು ವರ್ಷ ಆತು. ನಿಂದರಾಕ ನೆಲಾ ಇಲ್ಲಂದ್ರ ಎಲ್ಲಿ ನಿಂತಾವು ತಮ್ಮಾ? ನಮ್ಮ ಸೆಂಟರಿನ್ಯಾಗ ಯಾರ ಮನ್ಯಾಗೂ ಒಂದ ಮರಿ ಇಲ್ಲ.’

ನಾನು ಆ ಕೇಂದ್ರಕ್ಕೆ ಎಷ್ಟು ಸಲ ಹೋಗಿದ್ದೇನೆ, ಎಷ್ಟು ಚಹಾ ಕುಡಿದಿದ್ದೇನೆ. ಒಮ್ಮೆಯೂ ಕಣ್ಣು ತೆರೆದು ನೋಡಿರಲಿಲ್ಲ. ನೀನು ಚಪ್ಪಾಳೆ ತೆಗೆದುಕೊಂಡೆ, ನಾನು ಅಭಿಮಾನಪಟ್ಟುಕೊಂಡೆ. ಕುರಿ ಇವೆಯೇ ಎಂದು ನಾವು ಕೇಳಲಿಲ್ಲ, ಕಚೇರಿಯವರೂ ಕೇಳಲಿಲ್ಲ.

‘ಮತ್ತ ವರ್ಷಾ ಕುರಿ ಜಾಗಾ ಬೇಕಂತ ಅರ್ಜಿ ಕೊಟ್ಟೀರಲ್ಲಬೇ?’ ಎಂದೆ.

‘ಕುರಿ ಇಲ್ಲ ಅಂದಿದ್ರ ಅರ್ಜಿ ತಗೊಂತಿದ್ರೇನು ಅವರು? ಮುಗೀತಲ್ಲ, ಹೋಗ್ರಿ ಅಂತಿದ್ರು.’ ತಲೆಯ ಸೆರಗು ಗಾಳಿಗೆ ಹಾರದಂತೆ ಹಲ್ಲಿನಲ್ಲಿ ಕಚ್ಚಿ ಹಿಡಿದು, ಬಿಟ್ಟಳು. ‘ಈಗ ಸಾಕು. ಬರಿ.’

ಆಕೆ ಹೇಳಿದಳು, ನಾನು ಬರೆದೆ. ಈ ಸಲ ಗ್ವಾಡಿಯನ್ನು ಗೋಡೆ ಮಾಡುವ ಕೆಲಸಕ್ಕೆ ಹೋಗಲಿಲ್ಲ. ಕೆಳಗೆ ಆಕೆಯ ಹೆಸರು, ಹೆಬ್ಬೆಟ್ಟು. ಬಾಗಲಕೋಟೆಯಲ್ಲಿ ದೊಡ್ಡ ಸಾಹೇಬರು ಇರಲಿಲ್ಲ. ನಾವು ಬಾಗಿಲಲ್ಲಿ ಕೂತೆವು, ಇವತ್ತಿಗೂ ಜನ ಅಲ್ಲೇ ಕೂತಿದ್ದಾರೆ. ನಾನು ಬಟ್ಟೆ ತರಲು ಬಂದವ ಇದನ್ನು ಬರೆದು ಟಪಾಲಿಗೆ ಹಾಕಿ ಹೊರಡುತ್ತೇನೆ. ನಿನ್ನ ಗುತ್ತಿಗೆ ಮುಗಿಯಿತಲ್ಲ, ನೀನೂ ಹೊರಡು.

ಅರ್ಜಿಯಲ್ಲಿರುವುದು ಇಷ್ಟು:

‘ನೆಲಾ ಕೇಳಾಕ ಬಂದಿಲ್ರಿ. ಕುರಿ ಹ್ವಾದ್ವು. ಅವು ಹೋಗೂತನಕ ನೀವು ಯಾಕ ಸುಮ್ಮಕಿದ್ರಿ, ಅದನ್ನ ಹೇಳ್ರಿ. ಹೇಳೂತನಕ ಏಳೂದಿಲ್ಲ.’

ಧರ್ಮಣ್ಣ